ಮಾತು ಕಲಿಸುವ ಕೂಟ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಊಟ ಬಲ್ಲವನಾಗುವುದು ಹೇಗೆಂಬುದನ್ನು ತಾಯಂದಿರು ಮಕ್ಕಳನ್ನು ಎಲೆಯ ಮುಂದೆ ಕುಳ್ಳಿರಿಸಿಕೊಂಡು ಕಲಿಸುತ್ತಾರೆ. ಮಾತು ಬಲ್ಲವನಾಗುವುದು ಹೇಗೆಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದು ಹಲ್ಲು ಮೂಡುವಂತೆ ತಾನಾಗಿ ಬರತಕ್ಕದ್ದೆಂದು ನಂಬಿ ಸುಮ್ಮನಿರುತ್ತೇವೆ. ಬಹು ಜನಕ್ಕೆ ಅದು ಹಾಗೆಯೇ ಬರುವುದೂ ಉಂಟು. ಬಾರದವರ ಪಾಡೇನು?

ಅಂಥವರು ಕಡಮೆ ಜನವಲ್ಲ. ಉತ್ತರ ಗೊತ್ತಿದ್ದೂ ತರಗತಿಯಲ್ಲಿ ಕೈಯೆತ್ತಲಾರದ ಹುಡುಗಿ. ಮೊದಲ ಅಕ್ಷರದಲ್ಲಿಯೇ ನಾಲಗೆ ತಡೆದು ತನ್ನ ಹೆಸರನ್ನೇ ಹೇಳಲಾರದ ಉಗ್ಗಿನ ತರುಣ. ಎದುರಿನವರ ಮುಖಭಾವದಿಂದ ಅವರ ಮನಸ್ಸನ್ನು ಊಹಿಸುವುದು ಕಷ್ಟವಾಗಿರುವ ಆಟಿಸಂ ಉಳ್ಳ ಮಗು. ದೀರ್ಘವಾದ ಮನೋರೋಗದಿಂದ ಚೇತರಿಸಿಕೊಂಡರೂ ನಾಲ್ಕು ಜನರೊಡನೆ ಮಾತನಾಡುವ ರೂಢಿ ತಪ್ಪಿಹೋದ ಗೃಹಿಣಿ—ಇವರ ತೊಂದರೆಯ ಕಾರಣಗಳು ಬೇರೆ ಬೇರೆ. ಫಲವು ಒಂದೇ, ಒಂಟಿತನ. ನಾವಾದರೋ ಒಬ್ಬನನ್ನು ಮಂಕನೆಂದೂ, ಮತ್ತೊಬ್ಬಳನ್ನು ಗರ್ವಿಷ್ಠೆಯೆಂದೂ ಕರೆದು ಮುಗಿಸುತ್ತೇವೆ. ನೆಂಟರು ಬಂದರೆ ಒಳಕೋಣೆಗೆ ಕಳುಹಿಸುತ್ತೇವೆ. ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಮ್ಮನ ಉಗ್ಗನ್ನು ಮರೆಮಾಡುವ ಸಂಸಾರಗಳೂ ಇವೆ. ಹೀಗೆ ಮರೆಮಾಡಿದಷ್ಟೂ ಅಭ್ಯಾಸ ತಪ್ಪುವುದು. ಅಭ್ಯಾಸ ತಪ್ಪಿದಷ್ಟೂ ಭಯ ಹೆಚ್ಚುವುದು. ಕಲಿಯಬಹುದಾಗಿದ್ದ ವರ್ಷಗಳು ಕಳೆದುಹೋಗುವುವು.

ಮಾತುಕತೆಯೂ ಒಂದು ವಿದ್ಯೆ. ವೀಣೆಯಂತೆ, ಈಜಿನಂತೆ, ತಿಳಿದವರು ತೋರಿಸಿಕೊಟ್ಟು ಜೊತೆಯವರೊಡನೆ ಅಭ್ಯಾಸಮಾಡಿದರೆ ಬಹುಮಟ್ಟಿಗೆ ಸಾಧಿಸತಕ್ಕದ್ದು. ಈ ತಿಳಿವಳಿಕೆಯಿಂದ ಹುಟ್ಟಿದ ಕ್ರಮವೇ ಸಮೂಹ ಚಿಕಿತ್ಸೆ. ಅದರ ಸ್ವರೂಪವನ್ನು ಗೃಹಸ್ಥರು ತಿಳಿದಿರುವುದು ಹಿತವೆಂದು ಈ ಲೇಖನ.

ಹಿಂದೆ ಬೀದಿಯೇ ಈ ವಿದ್ಯೆಗೆ ಪಾಠಶಾಲೆಯಾಗಿತ್ತು. ಬೆಂಗಳೂರಿನ ಮಲ್ಲೇಶ್ವರವನ್ನೇ ನೋಡಿರಿ. ೧೮೯೮ರ ಪ್ಲೇಗು ಹಾವಳಿಯ ತರುವಾಯ ಪೇಟೆಯ ಇಕ್ಕಟ್ಟಿನಿಂದ ಹೊರಟ ಸಂಸಾರಗಳು ಬಂದು ನೆಲೆಸಿ ಬೆಳೆದ ಬಡಾವಣೆಯದು. ಸಂಪಿಗೆ ರಸ್ತೆಯೂ, ಬೇವಿನ ಹೆಸರನ್ನು ಹೊತ್ತ ಮಾರ್ಗೋಸಾ ರಸ್ತೆಯೂ ಅಲ್ಲಿ ಒಂದರ ಪಕ್ಕದಲ್ಲೊಂದು ಸಾಗುತ್ತವೆ. ಅಂದಿನ ಮನೆಗಳಿಗೆ ಜಗಲಿಯಿತ್ತು. ಜಗಲಿಯ ಮೇಲೆ ಅಜ್ಜನಿದ್ದನು. ಹಾದು ಹೋಗುವವರನ್ನು ಕರೆದು ಯೋಗಕ್ಷೇಮ ಕೇಳುವ ಪದ್ಧತಿಯಿತ್ತು. ಅದನ್ನು ನೋಡುತ್ತಲೇ ಮಗುವು, ಯಾರನ್ನು ಏನೆಂದು ಕರೆಯಬೇಕು, ಎಷ್ಟು ಹೊತ್ತು ಕೇಳಬೇಕು, ಮಾತನ್ನು ಯಾವಾಗ ಮುಗಿಸಬೇಕು ಎಂಬುದನ್ನು ಕಲಿಯುತ್ತಿತ್ತು. ಇಂದು ಅದೇ ಸಂಪಿಗೆ ರಸ್ತೆಯ ದಕ್ಷಿಣದ ತುದಿಯಲ್ಲಿ ದೊಡ್ಡ ವ್ಯಾಪಾರ ಸಂಕೀರ್ಣವಿದೆ. ೨೦೧೪ರಿಂದ ಮೆಟ್ರೋ ರೈಲು ನಿಲ್ದಾಣವೂ ಇದೆ. ಜಗಲಿಗಳು ಹೋಗಿ ವಾಹನ ನಿಲ್ಲಿಸುವ ಸ್ಥಳಗಳಾಗಿವೆ. ಬಾಗಿಲಿಗೆ ಬಂದ ಸಾಮಾನನ್ನು ಒಂದು ಮಾತೂ ಇಲ್ಲದೆ ತೆಗೆದುಕೊಳ್ಳುವುದು ಸಾಧ್ಯವಾಗಿದೆ.

ಆದರೆ ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ಹೇಳುವುದು ಸರಿಯಲ್ಲ. ಉಗ್ಗುವ ಹುಡುಗನನ್ನು ಅಣಕಿಸಿ ನಕ್ಕದ್ದೂ ಅದೇ ಜಗಲಿಯೇ. ಗುಂಪು ಗುಣಪಡಿಸಬಲ್ಲುದು, ಗುಂಪು ಗಾಯವನ್ನೂ ಮಾಡಬಲ್ಲುದು. ಆದುದರಿಂದ ನಾಲ್ಕು ಜನರ ನಡುವೆ ತಳ್ಳಿಬಿಟ್ಟರೆ ಸಂಕೋಚ ಹೋಗುವುದೆಂಬುದು ತಪ್ಪು. ಬೇಕಾದುದು ಬರಿಯ ಜನಸಂದಣಿಯಲ್ಲ. ತಿಳಿದವರ ಮೇಲ್ವಿಚಾರಣೆಯಲ್ಲಿ, ನಿಯಮಕ್ಕೆ ಒಳಪಟ್ಟು, ಯಾರೂ ಯಾರನ್ನೂ ನಗದಿರುವ ಕೂಟ.

ಇಂಥ ಕೂಟದ ಚಿಕಿತ್ಸೆ ಮೊದಲಾದದ್ದು ಮಾತಿಗಾಗಿ ಅಲ್ಲ, ಕ್ಷಯರೋಗಕ್ಕಾಗಿ. ೧೯೦೫ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಜೋಸೆಫ್ ಪ್ರ್ಯಾಟ್ ಎಂಬವರು, ಆರೋಗ್ಯಧಾಮದ ವೆಚ್ಚವನ್ನು ಹೊರಲಾರದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ ಪಥ್ಯ, ವಿಶ್ರಾಂತಿ, ಶುದ್ಧವಾಯುಗಳ ವಿಷಯವಾಗಿ ಉಪದೇಶಿಸತೊಡಗಿದರು. ಉಪದೇಶದಷ್ಟೇ ಉಪಕಾರವು ರೋಗಿಗಳ ಪರಸ್ಪರ ಭೇಟಿಯಿಂದಲೂ ಆಗುತ್ತಿರುವುದು ಅವರಿಗೆ ಕಂಡುಬಂದಿತು. ಆಮೇಲೆ ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ಜೇಕಬ್ ಮೊರೆನೊ ಎಂಬವರು, ರೋಗಿಗಳಿಂದ ಅವರ ಜೀವನದ ಸನ್ನಿವೇಶಗಳನ್ನೇ ಅಭಿನಯಮಾಡಿಸುವ ಕ್ರಮವನ್ನು ಬೆಳೆಸಿದರು. ಎರಡನೆಯ ಮಹಾಯುದ್ಧದಲ್ಲಿ ಮನಸ್ಸು ನೊಂದ ಸೈನಿಕರು ಬಹಳ, ವೈದ್ಯರು ಕೆಲವರು. ಇಂಗ್ಲೆಂಡಿನ ನಾರ್ತ್‌ಫೀಲ್ಡ್ ಆಸ್ಪತ್ರೆಯಲ್ಲಿ ಸಮೂಹ ಚಿಕಿತ್ಸೆಗೆ ಆಗ ದೊಡ್ಡ ಸ್ಥಾನ ದೊರೆಯಿತು. ೧೯೬೦ರ ದಶಕದಲ್ಲಿ ಆಕ್ಸ್‌ಫರ್ಡಿನ ಮೈಕೇಲ್ ಆರ್ಗೈಲ್ ಎಂಬ ಮನಶ್ಶಾಸ್ತ್ರಜ್ಞರು, ಜನರೊಡನೆ ವ್ಯವಹರಿಸುವುದೂ ವಾಹನ ನಡೆಸುವುದರಂತೆ ಒಂದು ಕೌಶಲವೆಂದೂ, ಅದನ್ನು ಬಿಡಿಬಿಡಿಯಾಗಿ ವಿಂಗಡಿಸಿ ಕಲಿಸಬಹುದೆಂದೂ ಪ್ರತಿಪಾದಿಸಿದರು. ಮಾತುಕತೆಯನ್ನು ಕಲಿಸುವ ಇಂದಿನ ಕೂಟಗಳು ಈ ಎಲ್ಲವುಗಳಿಗೂ ಋಣಿಗಳು.

ಕೂಟದಲ್ಲಿ ನಡೆಯುವುದೇನು? ಸಾಮಾನ್ಯವಾಗಿ ಆರರಿಂದ ಹತ್ತು ಮಂದಿ, ಹತ್ತಿರ ಹತ್ತಿರದ ವಯಸ್ಸಿನವರು, ವಾರಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ವೇಳೆಗೆ ಸೇರುತ್ತಾರೆ. ಒಬ್ಬರೋ ಇಬ್ಬರೋ ತಜ್ಞರು ನಡೆಸುವವರು. ಮೊದಲ ದಿನವೇ ನಿಯಮಗಳು ಗೊತ್ತಾಗುವುವು: ಇಲ್ಲಿ ಕೇಳಿದ್ದನ್ನು ಹೊರಗೆ ಆಡಕೂಡದು; ಒಬ್ಬರು ಮಾತನಾಡುವಾಗ ಮತ್ತೊಬ್ಬರು ಕೇಳಬೇಕು; ಇಷ್ಟವಿಲ್ಲದಿದ್ದರೆ ಸುಮ್ಮನಿರುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಆಮೇಲೆ ಒಂದು ಸಲಕ್ಕೆ ಒಂದೇ ಸಣ್ಣ ಪಾಠ. ಅಪರಿಚಿತರನ್ನು ಮಾತನಾಡಿಸುವುದು, ನಡೆಯುತ್ತಿರುವ ಮಾತಿನಲ್ಲಿ ಸೇರಿಕೊಳ್ಳುವುದು, ‘ಆಗುವುದಿಲ್ಲ’ವೆಂದು ಕೋಪವಿಲ್ಲದೆ ಹೇಳುವುದು, ತಪ್ಪಾದರೆ ಕ್ಷಮೆ ಕೇಳುವುದು—ಇವೇ ಪಾಠಗಳು. ತಜ್ಞರು ಮೊದಲು ಮಾಡಿ ತೋರಿಸುತ್ತಾರೆ. ಕೂಟದವರು ಇಬ್ಬಿಬ್ಬರಾಗಿ ಅದನ್ನು ಅಭಿನಯಿಸುತ್ತಾರೆ. ಉಳಿದವರು ಮೊದಲು ಚೆನ್ನಾಗಿದ್ದುದನ್ನು ಹೇಳಿ, ಆ ಮೇಲೆ ತಿದ್ದಬೇಕಾದುದನ್ನು ಸೂಚಿಸುತ್ತಾರೆ. ಮತ್ತೊಮ್ಮೆ ಅಭಿನಯ. ಕಡೆಯಲ್ಲಿ ಮುಂದಿನ ವಾರದೊಳಗೆ ಹೊರಗೆ ಮಾಡಿ ಬರತಕ್ಕ ಒಂದು ಮನೆಗೆಲಸ.

ಈ ಮನೆಗೆಲಸವೇ ಚಿಕಿತ್ಸೆಯ ಮುಖ್ಯಭಾಗ. ಇಂಥ ಕೂಟವೊಂದರ ಹುಡುಗನಿಗೆ ಸಂಪಿಗೆ ರಸ್ತೆಯನ್ನೇ ಅಭ್ಯಾಸದ ಅಂಗಳವೆಂದು ಗೊತ್ತುಮಾಡಿದರೆಂದು ಇಟ್ಟುಕೊಳ್ಳೋಣ. ಮೊದಲ ವಾರ ಎಂಟನೆಯ ಅಡ್ಡರಸ್ತೆಯ ಹೂವಿನವಳ ಬಳಿ ನಿಂತು, “ಮಲ್ಲಿಗೆ ಮೊಳ ಎಷ್ಟಮ್ಮ?” ಎಂದು ಕೇಳಿ ಬಂದರೆ ಸಾಕು, ಕೊಳ್ಳಬೇಕಾದುದಿಲ್ಲ. ಎರಡನೆಯ ವಾರ ಎರಡು ಮೊಳ ಕೊಂಡು, ಚಿಲ್ಲರೆಯನ್ನು ಎಣಿಸಿ ತೆಗೆದುಕೊಳ್ಳಬೇಕು. ಮೂರನೆಯ ವಾರ ದಾರಿಹೋಕರೊಬ್ಬರನ್ನು ಮೆಟ್ರೋ ನಿಲ್ದಾಣಕ್ಕೆ ಹೇಗೆ ಹೋಗಬೇಕೆಂದು ವಿಚಾರಿಸಬೇಕು. ನಾಲ್ಕನೆಯ ವಾರ ಜೊತೆಯವನೊಬ್ಬನೊಡನೆ ಹೋಟೆಲಿಗೆ ಹೋಗಿ ಕಾಫಿ ಹೇಳಿ, ಅದು ಬರುವವರೆಗೆ ಮಾತನಾಡುತ್ತ ಕುಳಿತಿರಬೇಕು. ಬಲ್ಲವರಿಗೆ ಇದು ನಗೆಯ ಮಾತು. ಆದರೆ ಹದಿನೆಂಟು ವರ್ಷ ಅಂಗಡಿಯ ಮುಂದೆ ಅಮ್ಮನ ಸೆರಗಿನ ಹಿಂದೆ ನಿಂತವನಿಗೆ ಆ ಒಂದು ಪ್ರಶ್ನೆಯೇ ಬೆಟ್ಟವನ್ನು ಹತ್ತಿದಷ್ಟು. ಮರುವಾರ ಕೂಟದಲ್ಲಿ ಅವನು ಅದನ್ನು ಹೇಳಿದಾಗ, ಆ ಬೆಟ್ಟದ ಎತ್ತರವನ್ನು ಬಲ್ಲ ಏಳೆಂಟು ಮಂದಿ ಅಲ್ಲಿ ಕೇಳುವವರಿರುತ್ತಾರೆ.

ಒಬ್ಬರೇ ತಜ್ಞರೊಡನೆ ಕಲಿಯುವುದಕ್ಕಿಂತ ಇದರಲ್ಲಿ ಅಧಿಕವೇನು? ಮೊದಲನೆಯದು, ‘ಈ ಕಷ್ಟ ನನ್ನೊಬ್ಬನಿಗೇ’ ಎಂಬ ಭ್ರಾಂತಿ ಹೋಗುವುದು. ಅಮೆರಿಕದ ಮನೋವೈದ್ಯರಾದ ಇರ್ವಿನ್ ಯಾಲೊಮ್ ೧೯೭೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಂಪಿನ ಗುಣಕಾರಿ ಅಂಶಗಳನ್ನು ವಿವರಿಸುವಾಗ ಇದಕ್ಕೆ ವಿಶೇಷ ಸ್ಥಾನ ಕೊಟ್ಟಿದ್ದಾರೆ. ಎರಡನೆಯದು, ಕಲಿಯುವವನೇ ಇನ್ನೊಬ್ಬನಿಗೆ ನೆರವಾಗುವನು. ಸದಾ ನೆರವು ಪಡೆಯುತ್ತಲೇ ಬಂದವನಿಗೆ ಇದು ಹೊಸ ಗೌರವ. ಮೂರನೆಯದು, ಸಮವಯಸ್ಕರೊಡನೆ ಆಡಬೇಕಾದ ಮಾತನ್ನು ಸಮವಯಸ್ಕರೊಡನೆಯೇ ಕಲಿಯಬೇಕು. ತಜ್ಞರು ಎಷ್ಟು ದಯಾಳುಗಳಾದರೂ ಆಟದ ಗೆಳೆಯರಾಗಲಾರರು.

ಉಗ್ಗಿನ ವಿಷಯದಲ್ಲಿ ಮತ್ತೊಂದು ಸೋಜಿಗವುಂಟು. ಒಂಟಿಯಾಗಿ ಮಾತನಾಡುವಾಗ ತಡವರಿಸುವವರು, ಹಲವರೊಡನೆ ಒಂದೇ ಧ್ವನಿಯಲ್ಲಿ ಓದುವಾಗ ಅಥವಾ ಹಾಡುವಾಗ ಸಾಮಾನ್ಯವಾಗಿ ತಡವರಿಸುವುದಿಲ್ಲ. ಹುಡುಗರೆಲ್ಲರೂ ಸೇರಿ ಮಗ್ಗಿ ಹೇಳುವಾಗ ಉಗ್ಗುವವನಾರೆಂದು ಮೇಷ್ಟರಿಗೂ ತಿಳಿಯದು. ಒಬ್ಬನೇ ಎದ್ದು ನಿಂತೊಡನೆ ಉಗ್ಗು ಮರಳುವುದರಿಂದ ಇದೇ ಮದ್ದೆಂದು ಹೇಳುವಂತಿಲ್ಲ. ಆದರೆ ಅವನ ನಾಲಗೆಯಲ್ಲಾಗಲಿ ಬುದ್ಧಿಯಲ್ಲಾಗಲಿ ಊನವಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಎಳೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಉಗ್ಗು ಕಾಣಿಸಿಕೊಳ್ಳುವುದು. ಅವರಲ್ಲಿ ಬಹುಪಾಲು ಮಕ್ಕಳಿಗೆ ಅದು ತಾನಾಗಿ ಹೋಗುವುದು. ಯಾರಿಗೆ ಹೋಗದೆಂಬುದನ್ನು ಮನೆಯವರು ಮೊದಲೇ ಹೇಳಲಾರರಾದ ಕಾರಣ, ಕೆಲವು ತಿಂಗಳು ಮುಂದುವರಿದರೆ ವಾಕ್ತಜ್ಞರಿಗೆ ತೋರಿಸುವುದು ಲೇಸು.

ಈ ಚಿಕಿತ್ಸೆಗೆ ಮಿತಿಗಳೂ ಇವೆ. ಎರಡು ಮೂರು ವಾರಗಳಲ್ಲಿ ಫಲವನ್ನು ಬಯಸತಕ್ಕದ್ದಲ್ಲ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಆಟಿಸಂ ಉಳ್ಳ ಹದಿಹರೆಯದವರಿಗಾಗಿ ರೂಪುಗೊಂಡ ಪ್ರಸಿದ್ಧ ಪಾಠಕ್ರಮವು ಹತ್ತಾರು ವಾರಗಳದು. ಅಲ್ಲಿ ಮಕ್ಕಳ ತರಗತಿ ನಡೆಯುವಾಗಲೇ ತಾಯಿತಂದೆಗಳಿಗೂ ಬೇರೆ ತರಗತಿ ನಡೆಯುವುದೆಂಬುದು ಗಮನಿಸತಕ್ಕ ವಿಷಯ. ತೀವ್ರವಾದ ಮನೋವ್ಯಥೆಯಲ್ಲಿರುವವರಿಗೆ ಮೊದಲು ಪ್ರತ್ಯೇಕ ವೈದ್ಯೋಪಚಾರ ಬೇಕು. ಮತ್ತು ಆಟಿಸಂ ಉಳ್ಳ ಮಗುವನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡೆಂದು ಬಲವಂತಪಡಿಸಿ, ಎಲ್ಲರಂತೆ ನಟಿಸುವುದನ್ನು ಕಲಿಸುವುದು ಗುರಿಯಾಗಬಾರದು. ತನ್ನ ಮನಸ್ಸಿನಲ್ಲಿರುವುದನ್ನು ತನ್ನ ರೀತಿಯಲ್ಲಿ ತಿಳಿಸಿ, ಒಬ್ಬ ಗೆಳೆಯನನ್ನು ಸಂಪಾದಿಸಿಕೊಂಡರೆ ಅದೇ ಸಿದ್ಧಿ.

ಕನ್ನಡನಾಡಿನಲ್ಲಿ ಈ ವಿಷಯಕ್ಕೆ ಆಶ್ರಯವಿಲ್ಲದಿಲ್ಲ. ಚಿಕಿತ್ಸೆಯ ಹೆಸರಿಲ್ಲದಿದ್ದರೂ, ಮಕ್ಕಳು ಒಂದೆಡೆ ಸೇರಿ ಆಡಿ ಹಾಡಿ ಬೆಳೆಯಬೇಕೆಂಬ ಉದ್ದೇಶದಿಂದ ಶ್ರೀಮತಿ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿಯೇ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಚಾಮರಾಜಪೇಟೆಯಲ್ಲಿ ಆ ಹೆಸರು ಇಂದಿಗೂ ನಿಂತಿದೆ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ೧೯೬೫ರಲ್ಲಿ ಸ್ಥಾಪಿತವಾದದ್ದು. ೨೦೧೬ರ ಕಾನೂನು ಆಟಿಸಂ ಮತ್ತು ವಾಕ್ ದೋಷಗಳನ್ನು ಅಂಗವಿಕಲತೆಗಳ ಪಟ್ಟಿಯಲ್ಲಿ ಸೇರಿಸಿದೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯಲ್ಲಿ, ೧೪೪೧೬ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಖಾಸಗಿ ತಜ್ಞರ ಬಳಿಗೆ ಹೋಗುವವರು, ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಕೂಟವು ವಾರಕ್ಕೆ ಒಂದೆರಡು ಗಂಟೆಯದು, ಉಳಿದುದೆಲ್ಲ ಮನೆಯದು. ಮನೆಯವರು ಮಾಡಬೇಕಾದುದು ಹೆಚ್ಚೇನಲ್ಲ. ಉಗ್ಗುವ ಮಗುವಿನ ಮಾತನ್ನು ನೀವು ಪೂರ್ತಿಮಾಡಬೇಡಿರಿ. ಅದು ಹೇಗೆ ಹೇಳಿತೆಂಬುದನ್ನು ಬಿಟ್ಟು ಏನು ಹೇಳಿತೆಂಬುದನ್ನು ಕೇಳಿರಿ. ನೆಂಟರ ಮುಂದೆ ಹಾಡು ಹೇಳೆಂದು ನಿಲ್ಲಿಸಬೇಡಿರಿ. ನೆಂಟರಿಗೆ ನೀರು ಕೊಟ್ಟು ಬಾರೆಂದು ಸಣ್ಣ ಕೆಲಸವನ್ನು ಒಪ್ಪಿಸಿರಿ. ಅವನ ಎದುರಿಗೆ “ಇವನು ಮಾತೇ ಆಡುವುದಿಲ್ಲ” ಎಂದು ಬಂದವರಿಗೆಲ್ಲ ಹೇಳಬೇಡಿರಿ. ರಾತ್ರಿಯ ಊಟದ ಹೊತ್ತಿನಲ್ಲಾದರೂ ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯ ಪ್ರತಿಯೊಬ್ಬರಿಗೂ ಒಂದು ಸರದಿಯನ್ನು ಕೊಡಿರಿ. ಸುಮ್ಮನಿರುವವರ ಸರದಿ ಬಂದಾಗ ತುಸು ಹೆಚ್ಚು ಹೊತ್ತು ಕಾಯಿರಿ.

ಈ ಕಾಯುವಿಕೆಯೇ ಬಹು ಮನೆಗಳಲ್ಲಿ ಕೊರತೆಯಾಗಿರುವುದು. ಮಾತು ಬಲ್ಲವನೆಂದರೆ ಬಹಳ ಮಾತನಾಡುವವನೆಂದು ನಾವು ತಿಳಿದಿದ್ದೇವೆ. ಇನ್ನೊಬ್ಬನು ಮಾತನಾಡುವುದಕ್ಕೆ ಎಡೆಮಾಡಿಕೊಡುವವನೂ ಮಾತು ಬಲ್ಲವನೇ. ಸಂಕೋಚದ ಮಕ್ಕಳು ಕೂಟದಲ್ಲಿ ಕಲಿಯತಕ್ಕ ಪಾಠಗಳಲ್ಲಿ ಇದೊಂದನ್ನು, ಸಂಕೋಚವಿಲ್ಲದ ನಾವೂ ಅವರ ಜೊತೆಯಲ್ಲಿ ಕಲಿಯಬೇಕಾಗಿದೆ.