ಸಂಗಮದ ಹಿನ್ನೀರಿನಲ್ಲಿ ಒಂದು ಹಕ್ಕಿಯ ಅರಸಾಟ

ಕೂಡಲಸಂಗಮಕ್ಕೆ ಹೋಗಿಬಂದ ಶರಣಬಂಧುಗಳಿಗೆ ಅಲ್ಲಿಯ ಜಲರಾಶಿಯನ್ನು ವರ್ಣಿಸಬೇಕಾಗಿಲ್ಲ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಹಿನ್ನೀರು ಮಲಪ್ರಭೆಯ ಕೂಡಲಿನವರೆಗೂ ಹಬ್ಬಿದೆ. ಬಸವಣ್ಣನವರ ಐಕ್ಯಮಂಟಪವನ್ನು ಕಾಪಾಡಲು ಸುತ್ತಲೂ ಬಾವಿಯಂತಹ ಗೋಡೆ ಎಬ್ಬಿಸಿರುವುದರಿಂದ ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಆದರೆ ದರ್ಶನ ಮುಗಿಸಿ ದಡದ ಕೆಸರಿನತ್ತ ಕಣ್ಣು ಹಾಯಿಸುವವರು ವಿರಳ.

ಕಳೆದ ಚಳಿಗಾಲದಲ್ಲಿ ನಾವು ಮನೆಮಂದಿ ನಾಲ್ವರು ದರ್ಶನದ ಬಳಿಕ ಆವೊಸೆಟ್ ಎಂಬ ಹಕ್ಕಿಯನ್ನು ಅರಸುತ್ತ ಹೊರಟೆವು. ಬಿಳಿಯ ಮೈ, ಅದರ ಮೇಲೆ ಕಪ್ಪು ಪಟ್ಟೆ, ನೀಲಿ ಬೆರೆತ ಬೂದು ಕಾಲು. ಕೊಕ್ಕು ಮಾತ್ರ ಬಾಗಿದ ದಬ್ಬಳದಂತೆ ಮೇಲ್ಮುಖ! ತೆಳುನೀರಿನಲ್ಲಿ ಅದನ್ನು ಎಡಬಲಕ್ಕೆ ಬೀಸುತ್ತ ಕ್ರಿಮಿಗಳನ್ನು ಹಿಡಿಯುತ್ತದೆ. ಕಚ್ಛದ ರಣದಲ್ಲಿ ಮರಿಮಾಡುವ ಈ ಹಕ್ಕಿ ದಕ್ಷಿಣಕ್ಕೆ ಚಳಿಗಾಲದ ಅತಿಥಿ. ನಮ್ಮ ಒಳನಾಡಿನಲ್ಲಿ ಅಪರೂಪ.

ನೀರಿನ ಏರಿಳಿತವೇ ಇಂತಹ ಹಕ್ಕಿಗಳ ಹಣೆಬರಹ. ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ನಡುವಿಗೆ ಆವೊಸೆಟ್ ಗೂಡು ಕಟ್ಟುವುದೇ ನಿಂತುಹೋಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಶತ್ರುವನ್ನು ತಡೆಯಲು ಕರಾವಳಿಯ ಬಯಲಿಗೆ ನೀರು ಹಾಯಿಸಿದರು. ಆ ಜೌಗಿಗೆ 1947ರಲ್ಲಿ ಹಕ್ಕಿಗಳು ತಾವಾಗಿಯೇ ಮರಳಿದವು. ಯುದ್ಧದಿಂದ ಒಳಿತಾದ ಇಂತಹ ನಿದರ್ಶನ ಹೆಚ್ಚಿರಲಾರದು. ನಮ್ಮ ಜಲಾಶಯಗಳಲ್ಲಿಯೂ ತುಂಬಿದ ನೀರು ಇವಕ್ಕೆ ಒದಗದು. ನೀರಿಳಿದು ಕೆಸರು ತೆರೆದಾಗಲೇ ಊಟ. ಅದೇ ತೇವದ ನೆಲದಲ್ಲಿ ರೈತನಿಗೂ ಒಂದು ಬೆಳೆ ತೆಗೆಯುವ ಆಸೆ. ಅವನನ್ನು ದೂರಲು ನನಗೆ ಬಾಯಿ ಬಾರದು.

ಬೆಳಗೆಲ್ಲ ಕಂಡದ್ದು ಮೆಟ್ಟುಗಾಲು ಹಕ್ಕಿಗಳೇ. ಅವೂ ಕಪ್ಪು ಬಿಳುಪು. ಆದರೆ ಕಾಲು ಗುಲಾಬಿ, ಕೊಕ್ಕು ನೇರ. ಮೂರು ಬಾರಿ ಮೋಸಹೋದೆವು. ಸಂಜೆ ಸೂರ್ಯನಿಗೆದುರಾಗಿ, ದೂರದ ತೆಳುನೀರಿನಲ್ಲಿ ಒಂಟಿ ಹಕ್ಕಿಯೊಂದು ತಲೆ ತಗ್ಗಿಸಿ ಅತ್ತಿತ್ತ ಬೀಸುತ್ತಿತ್ತು. ದುರ್ಬೀನು ಎತ್ತುವಷ್ಟರಲ್ಲಿ ಮೀನುಗಾರರ ತೆಪ್ಪವೊಂದು ಹಾದುಬಂದಿತು, ಹಕ್ಕಿ ಎದ್ದಿತು. ಮೆಟ್ಟುಗಾಲಿನ ರೆಕ್ಕೆಯ ಮೇಲ್ಭಾಗ ಪೂರ್ತಿ ಕಪ್ಪು. ಆವೊಸೆಟ್ಟಿನದು ಬಿಳಿ, ಕಪ್ಪು ಪಟ್ಟೆಗಳು ಮಾತ್ರ.

"ಬಿಳಿಯೇ ಇತ್ತು ಅಪ್ಪಾ!" ಎಂದಳು ಹನ್ನೆರಡರ ಮಗಳು. ನನ್ನ ಕಣ್ಣಿಗೆ ಬಿಸಿಲಲ್ಲಿ ಬರಿಯ ನೆರಳು. ಪಟ್ಟಿಯಲ್ಲಿ ಹೆಸರು ಬರೆದೇಬಿಡಬೇಕೆಂದು ಅವಳು ಹಟ ಹಿಡಿದಳು. ಬರೆದಿದ್ದರೆ ಕೇಳುವವರೂ ಇರಲಿಲ್ಲ. ಕೊನೆಗೆ ಅವಳ ಕೈಯಲ್ಲಿಯೇ ಬರೆಸಿದೆ: "ಒಂದು ಹಕ್ಕಿ. ರೆಕ್ಕೆ ಬಿಳಿ ಎಂದು ಒಬ್ಬರಿಗೆ ಕಂಡಿತು. ಕೊಕ್ಕು ಯಾರಿಗೂ ಕಾಣಲಿಲ್ಲ."

ಊರು ತಲುಪುವವರೆಗೆ ಅವಳು ಮಾತನಾಡಲಿಲ್ಲ. ಮನೆಯ ಬಾಗಿಲಲ್ಲಿ ಇಳಿಯುವಾಗ ಮಾತ್ರ ಕೇಳಿದಳು: "ಮತ್ತೆ ನೀರು ಇಳಿಯುವುದು ಯಾವಾಗ?"