ಅರ್ಧ ಪಿಟೀಲು ಅರ್ಧವಲ್ಲ!

ಶಾಲೆಯ ಯೂನಿಫಾರ್ಮ್ ಕೊಳ್ಳುವಾಗ ನಾವು ಅಜ್ಜ-ಅಜ್ಜಿಯರು ಒಂದು ಸೈಜ್ ದೊಡ್ಡದನ್ನೇ ಕೇಳುತ್ತೇವೆ. “ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗುತ್ತೆ” ಎನ್ನುವುದು ನಮ್ಮ ಲೆಕ್ಕ. ಬಟ್ಟೆಗೆ ಅದು ಸರಿ. ಪಿಟೀಲಿಗೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ನಮ್ಮ ಹೇರೋಹಳ್ಳಿಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ತೀರಿಹೋದ ತಾತನ ಪಿಟೀಲಿನಲ್ಲೇ ಪಾಠ ಶುರುಮಾಡಿದ. ಮೂರು ತಿಂಗಳಾಗುವಷ್ಟರಲ್ಲಿ ಭುಜನೋವು, ನುಡಿಸಿದ್ದೆಲ್ಲ ಅಪಸ್ವರ. “ಇವನಿಗೆ ಸಂಗೀತ ಒಲಿಯಲ್ಲ” ಎಂದು ಮನೆಯವರು ಪಾಠ ಬಿಡಿಸಲು ಹೊರಟರು. ಮೇಷ್ಟ್ರು ಒಪ್ಪಲಿಲ್ಲ. ಹುಡುಗನ ಎಡಗೈ ಚಾಚಿಸಿ ನೋಡಿ, ಅರ್ಧ ಸೈಜಿನ ಪಿಟೀಲು ಕೊಟ್ಟರು. ಅದೇ ಹುಡುಗ, ಅದೇ ಸರಳೆ. ಆದರೆ ನೋವು ಹೋಯಿತು, ಬೆರಳು ಸ್ವರದ ಜಾಗಕ್ಕೆ ಬಂತು. ಕೊರತೆ ಇದ್ದದ್ದು ಮಗುವಿನಲ್ಲಲ್ಲ, ಅಳತೆಯಲ್ಲಿ.

ಮಕ್ಕಳೇ, ಈಗ ಒಂದು ಲೆಕ್ಕ. ದೊಡ್ಡವರ ಪೂರ್ಣ ಪಿಟೀಲಿನ ಒಡಲು, ಅಂದರೆ ಕತ್ತು ಬಿಟ್ಟು ಉಳಿದ ಪೆಟ್ಟಿಗೆಯ ಭಾಗ, ಸುಮಾರು 35.5 ಸೆಂಟಿಮೀಟರ್ ಉದ್ದ. ಹಾಗಾದರೆ ಅರ್ಧ ಸೈಜಿನದು ಎಷ್ಟು? ಹದಿನೆಂಟೇ? ಅಲ್ಲ, ಸುಮಾರು 31! ಮುಕ್ಕಾಲು ಸೈಜಿನದು ಸುಮಾರು 33, ಕಾಲು ಸೈಜಿನದು ಸುಮಾರು 28. ಬ್ಯಾಂಕಿನಲ್ಲಿ ಹೀಗೆ ಲೆಕ್ಕ ಬರೆದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು! ಇಲ್ಲಿ ಅರ್ಧ, ಮುಕ್ಕಾಲು ಎನ್ನುವುದು ಬರೀ ಹೆಸರು, ಉದ್ದದ ಭಾಗಾಕಾರವಲ್ಲ.

ಪಿಟೀಲಿನ ಬಳಗದ ಹಿರಿಯಣ್ಣ ಡಬಲ್ ಬೇಸ್. ಆಳೆತ್ತರದ ಈ ವಾದ್ಯವನ್ನು ನಿಂತುಕೊಂಡೋ ಎತ್ತರದ ಸ್ಟೂಲಿನ ಮೇಲೆ ಕೂತೋ ನುಡಿಸುತ್ತಾರೆ. ಅದರಲ್ಲಿ ಬಹುಪಾಲು ದೊಡ್ಡವರು ನುಡಿಸುವುದೇ ಮುಕ್ಕಾಲು ಸೈಜು. ಅವರಿಗೇ ಇಲ್ಲದ ನಾಚಿಕೆ ಅರ್ಧ ಪಿಟೀಲು ಹಿಡಿಯಲು ನಿಮಗೇಕೆ?

ಸೈಜು ನಿರ್ಧರಿಸುವುದು ವಯಸ್ಸಲ್ಲ, ತೋಳು. ಪಿಟೀಲನ್ನು ಎಡಭುಜದ ಮೇಲಿಟ್ಟು, ಎಡಗೈಯನ್ನು ಅದರ ತುದಿಯ ಸುರುಳಿಯವರೆಗೆ ಚಾಚಿಸಿ. ಮೊಣಕೈ ಸ್ವಲ್ಪ ಮಡಿಸಿದ್ದಂತೆಯೇ ಬೆರಳುಗಳು ಸುರುಳಿಯನ್ನು ಸಲೀಸಾಗಿ ಬಳಸಿ ಹಿಡಿದರೆ ಸರಿ. ತೋಳು ಕೋಲಿನಂತೆ ಸೆಟೆದು ಬೆರಳ ತುದಿಯಷ್ಟೇ ತಾಗಿದರೆ ಅದು ದೊಡ್ಡದು. ಎರಡು ಸೈಜಿನ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ.

ನಮ್ಮ ಕರ್ನಾಟಕ ಸಂಗೀತದಲ್ಲಿ ಇನ್ನೊಂದು ಪರೀಕ್ಷೆ ಇದೆ. ಚಕ್ಕಳಮಕ್ಕಳ ಕೂತು, ಸುರುಳಿಯನ್ನು ಬಲಪಾದದ ಮೇಲೆ ಊರಿಸುತ್ತೇವಲ್ಲ, ಆಗ ಮಗುವಿನ ಬೆನ್ನು ಗೂನಾಗಬಾರದು. ಗಮಕ ನುಡಿಸಲು ಎಡಗೈ ತಂತಿಯ ಮೇಲೆ ಹಗುರವಾಗಿ ಜಾರಬೇಕು. ಎಟುಕಿಸಿಕೊಳ್ಳುವುದರಲ್ಲೇ ದಣಿದ ಕೈ ಜಾರುವುದು ಹೇಗೆ? ಕಮಾನಿಗೂ ಸೈಜುಗಳಿವೆ, ಪಿಟೀಲಿಗೆ ಹೊಂದುವುದನ್ನೇ ಕೊಳ್ಳಿ.

“ದೊಡ್ಡದಾದರೆ ನಾದವೂ ದೊಡ್ಡದಲ್ಲವೇ?” ಎನ್ನಬಹುದು. ನಿಜ. ಮೈಸೂರಿನ ಪಿಟೀಲು ಚೌಡಯ್ಯನವರೂ (1895–1967) ದೊಡ್ಡ ನಾದ ಬೇಕೆಂದೇ ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದನ್ನಾಗಿ ಮಾಡಿಕೊಂಡರು. ಆದರೆ ಯಾವಾಗ? ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಕಲಿತು, ಕೈ ಪಳಗಿದ ಮೇಲೆ. ಮಲ್ಲೇಶ್ವರದ ಬಳಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ರಜೆಯಲ್ಲಿ ಮೊಮ್ಮಕ್ಕಳಿಗೆ ತೋರಿಸಿ. ದೊಡ್ಡ ಪಿಟೀಲು ನೋಡುವ ಆಸೆ ಅಲ್ಲಿ ತೀರಲಿ!

ಕೊಳ್ಳುವಾಗ ಮಗುವನ್ನೂ ಮೇಷ್ಟ್ರನ್ನೂ ಕರೆದೊಯ್ಯಿರಿ. ಅಚ್ಚರಿಯ ಉಡುಗೊರೆ ಬೇಡ. ಮಗು ಬೆಳೆದಾಗ ಹಳೆಯದನ್ನು ಹಿಂದಕ್ಕೆ ಪಡೆದು ಮುಂದಿನ ಸೈಜು ಕೊಡುವಿರಾ ಎಂದು ಅಂಗಡಿಯಲ್ಲಿ ಮೊದಲೇ ಕೇಳಿ. ಬಳಸಿದ ವಾದ್ಯವೂ ಆದೀತು. ಮರ ಬಿರುಕು ಬಿಟ್ಟಿಲ್ಲವೇ, ಬಿರಡೆಗಳು ಶ್ರುತಿ ಹಿಡಿದು ನಿಲ್ಲುತ್ತವೆಯೇ, ಕುದುರೆ ನೆಟ್ಟಗಿದೆಯೇ ಎಂದು ನೋಡಿದರಾಯಿತು.

ಮನೆಯಲ್ಲಿ ತಾತನ ಪಿಟೀಲು ಇದೆಯೇ? ಬಿಸಿಲು, ತೇವ ತಾಗದಂತೆ ಪೆಟ್ಟಿಗೆಯಲ್ಲಿಡಿ. ಅದು ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ. ಮಗುವಿನ ತೋಳು ಬೆಳೆಯುವವರೆಗೂ ಮುರಿಸಬೇಡಿ.