ರೊಟ್ಟಿ ಬುತ್ತಿ ಕಡಲು ದಾಟುವಾಗ...

ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಆಳಂದ ತಾಲ್ಲೂಕಿನ ಹಿರೋಳ್ಳಿಯವರಿಗೆ ಸರಕು ಗಡಿ ದಾಟುವುದೆಂದರೆ ಏನೆಂದು ಹೊಸದಾಗಿ ಹೇಳಬೇಕಿಲ್ಲ. ನಿಜಾಮರ ಕಾಲದಲ್ಲಿ ಈ ಸೀಮೆ ಹೈದರಾಬಾದ್ ಸಂಸ್ಥಾನದ ಅಂಚು. ಆಚೆಗೆ ಅಕ್ಕಲಕೋಟೆ, ಸೊಲ್ಲಾಪುರ. ಸಂಸ್ಥಾನದ ಗಡಿಯಲ್ಲಿ ಸರಕಿನ ಮೇಲೆ ಸುಂಕ ಎತ್ತುತ್ತಿದ್ದ ಇಲಾಖೆಗೆ ‘ಕರೋಡಗಿರಿ’ ಎಂದು ಹೆಸರು. ಸಂಸ್ಥಾನ ಹೋಯಿತು, 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾದವು. ಆದರೂ ಮಾರಾಟ ತೆರಿಗೆಯ ಹೆಸರಿನಲ್ಲಿ ರಾಜ್ಯಗಳ ಗಡಿಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ತೆರಿಗೆ ನಾಕಾಗಳು ಕಾಲವಾದವು.

ಈಗ ಇನ್ನೊಂದು ಬಗೆಯ ಕರೋಡಗಿರಿ ಮನೆಬಾಗಿಲಿಗೇ ಬಂದಿದೆ. ಓದಲೆಂದು ಜರ್ಮನಿಗೋ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋದ ಮಗಳಿಗೆ ಎಳ್ಳಮಾವಾಸ್ಯೆಯ ಹೊತ್ತಿಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಳಿಸಬೇಕು. ಇಲ್ಲೇ ಓದುತ್ತಿರುವ ಮಗ ಪ್ರಾಜೆಕ್ಟಿಗೆ ಬೇಕಾದ ಬಿಡಿಭಾಗವನ್ನೋ ಪುಸ್ತಕವನ್ನೋ ಪರದೇಶದ ಆನ್‌ಲೈನ್ ಅಂಗಡಿಯಿಂದ ತರಿಸಬೇಕು. ಎರಡರಲ್ಲೂ ಆಗುವುದು ಒಂದೇ: ವಸ್ತುವಿನ ಬೆಲೆಯನ್ನು ಮನೆಯಲ್ಲಿ ಹತ್ತು ಸಲ ಚರ್ಚಿಸುತ್ತಾರೆ; ಸಾಗಣೆ ವೆಚ್ಚವನ್ನು ಮಾತ್ರ ಕೌಂಟರಿನ ಮುಂದೆ ನಿಂತ ಮೇಲೆ ಕೇಳಿ ಬೆಚ್ಚುತ್ತಾರೆ. ಶಿಕ್ಷಣ ಸಾಲ ತೆಗೆದು ಮಕ್ಕಳನ್ನು ಕಳಿಸಿದ ಮನೆಗೆ ಇದು ಸಣ್ಣ ಹೊಡೆತವಲ್ಲ. ಆದರೆ ಒಂದು ಅಳತೆ ಪಟ್ಟಿ, ಒಂದು ತಕ್ಕಡಿ, ಹತ್ತನೇ ಕ್ಲಾಸಿನ ಗಣಿತ ಇಷ್ಟಿದ್ದರೆ ಈ ವೆಚ್ಚವನ್ನು ಮನೆಯಲ್ಲೇ ಕುಳಿತು ಅಂದಾಜು ಮಾಡಬಹುದು. ಬಹಳಷ್ಟನ್ನು ಉಳಿಸಲೂಬಹುದು!

ತೂಕ ಯಾವುದು?

ಪಾರ್ಸೆಲ್ಲಿಗೆ ಎರಡು ತೂಕಗಳಿವೆ. ಒಂದು ತಕ್ಕಡಿ ಹೇಳುವುದು. ಇನ್ನೊಂದು ಡಬ್ಬಿಯ ಗಾತ್ರ ಹೇಳುವುದು. ವಿಮಾನದಲ್ಲಿ ಜಾಗವೂ ದುಬಾರಿ; ಹತ್ತಿ ತುಂಬಿದ ದೊಡ್ಡ ಪೆಟ್ಟಿಗೆ ಹಗುರವಾದರೂ ಜಾಗ ನುಂಗುತ್ತದೆ. ಅದಕ್ಕೆ ದೊಡ್ಡ ಖಾಸಗಿ ಕೊರಿಯರ್ ಕಂಪೆನಿಗಳು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕುತ್ತವೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು. ಬರುವ ಸಂಖ್ಯೆಯೇ ‘ಗಾತ್ರದ ತೂಕ’, ಕಿಲೋ ಲೆಕ್ಕದಲ್ಲಿ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಇನ್ನೊಂದು ರೀತಿಯಲ್ಲಿ ಹೇಳಬೇಕೆಂದರೆ, ನಿಮ್ಮ ಒಂದು ಕಿಲೋ ಸಾಮಾನಿಗೆ ಐದು ಲೀಟರ್ ಜಾಗ ಮಾತ್ರ ಉಚಿತ. ಅದಕ್ಕಿಂತ ಹೆಚ್ಚು ಹಿಡಿದರೆ ಗಾಳಿಗೂ ಬಾಡಿಗೆ ಕಟ್ಟುತ್ತೀರಿ.

ಈ ಲೆಕ್ಕಕ್ಕೆ ನಮ್ಮ ಖಡಕ್ ರೊಟ್ಟಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಗುರ, ಅಗಲ, ಮೇಲಾಗಿ ಮುಟ್ಟಿದರೆ ಮುರಿಯುವಂಥದು. ಐವತ್ತು ರೊಟ್ಟಿಯ ಗಂಟು ಎರಡೂವರೆ ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಒಡೆಯಬಾರದೆಂದು ಸುತ್ತ ಥರ್ಮಕೋಲ್, ಹಳೆ ಪೇಪರ್ ತುರುಕಿ 35 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಪೆಟ್ಟಿಗೆಗೆ ತುಂಬಿದಿರಿ. ಗುಣಿಸಿದರೆ 49,000, 5000ದಿಂದ ಭಾಗಿಸಿದರೆ 9.8. ಅಂದರೆ ಎರಡೂವರೆ ಕಿಲೋ ರೊಟ್ಟಿಗೆ ಹತ್ತು ಕಿಲೋ ಬಾಡಿಗೆ! ಅದೇ ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಳಗೆ ಗಟ್ಟಿ ರಟ್ಟು ಕೊಟ್ಟು 30 ಸೆಂ.ಮೀ. ಘನಾಕಾರದ ಡಬ್ಬಿಗೆ ಇಳಿಸಿದರೆ ಗಾತ್ರದ ತೂಕ 5.4, ಬಿಲ್ಲಿನಲ್ಲಿ 5.5 ಕಿಲೋ. ಹೆಚ್ಚುಕಡಿಮೆ ಅರ್ಧ ಉಳಿಯಿತು.

ಇಲ್ಲಿಗೇ ನಿಲ್ಲಬೇಡಿ. ಐದೂವರೆ ಕಿಲೋಗೆ ದುಡ್ಡು ಕೊಟ್ಟಾಗಿದೆ, ಒಳಗಿರುವುದು ಎರಡೂವರೆ. ಇನ್ನೂ ಸುಮಾರು ಮೂರು ಕಿಲೋ ಪುಕ್ಕಟೆ ಹೋಗುತ್ತದೆ. ಎಲ್ಲಿ ಇಡುವುದು? ಚೌಕದೊಳಗೆ ಅಂಚು ಮುಟ್ಟುವ ವೃತ್ತ ಬರೆದರೆ ನಾಲ್ಕು ಮೂಲೆಯಲ್ಲಿ ಸೇರಿ ಶೇಕಡ 21ಕ್ಕೂ ಮಿಕ್ಕಿ ಜಾಗ ಖಾಲಿ ಉಳಿಯುತ್ತದೆಂದು ವಿದ್ಯಾರ್ಥಿಗಳಿಗೆ ಗೊತ್ತು. ರೊಟ್ಟಿ ದುಂಡಗೆ, ಡಬ್ಬಿ ಚೌಕ. ಆ ನಾಲ್ಕು ಮೂಲೆಗಳಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯ ಪೊಟ್ಟಣಗಳನ್ನು ಒತ್ತಿ ತುಂಬಿದರೆ ಅವೇ ರೊಟ್ಟಿಗೆ ಆಸರೆಯೂ ಆಗುತ್ತವೆ. ಥರ್ಮಕೋಲಿನ ಕೆಲಸವನ್ನು ಹಿಂಡಿ ಮಾಡುತ್ತದೆ, ಅಷ್ಟೆ.

ಜೋಳದ ಹಿಟ್ಟಿನ ಲೆಕ್ಕ ಇದಕ್ಕೆ ತಿರುಗುಮುರುಗು. ಹಿಟ್ಟು ಒತ್ತಾದ ವಸ್ತು; ಅಲ್ಲಿ ತಕ್ಕಡಿಯ ತೂಕವೇ ಗೆಲ್ಲುತ್ತದೆ, ಡಬ್ಬಿ ಚಿಕ್ಕದು ಮಾಡಿ ಪ್ರಯೋಜನವಿಲ್ಲ. ನನ್ನನ್ನು ಕೇಳಿದರೆ ಹಿಟ್ಟನ್ನೂ ತೊಗರಿ ಬೇಳೆಯನ್ನೂ ಕಳಿಸಲೇಬಾರದು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆದರೆ ಹೊರದೇಶದ ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ಬೇಳೆ, ಹಿಟ್ಟು ಸಿಗುತ್ತವೆ. ಅಲ್ಲಿ ಸಿಗದಿರುವುದು ಅವ್ವನ ಕೈಯ ಹಿಂಡಿ ಮಾತ್ರ.

ಮೊದಲ ಮೆಟ್ಟಿಲೇ ಎತ್ತರ

ದರಪಟ್ಟಿ ಮೆಟ್ಟಿಲಿನಂತೆ ಇರುತ್ತದೆ. ಅಂಚೆ ಇಲಾಖೆಯ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್‌ನಲ್ಲಿ ಮೊದಲ 250 ಗ್ರಾಮಿಗೆ ಒಂದು ದರ, ಮುಂದಿನ ಪ್ರತಿ 250 ಗ್ರಾಮಿಗೆ ಇನ್ನೊಂದು, ಕಡಿಮೆ ದರ. ಖಾಸಗಿಯವರಲ್ಲಿ ಮೆಟ್ಟಿಲು ಸಾಮಾನ್ಯವಾಗಿ ಅರ್ಧ ಕಿಲೋದ್ದು. ಆದ್ದರಿಂದ ಅಲ್ಲಿ 2 ಕಿಲೋ 50 ಗ್ರಾಂ ಎಂದರೆ ಎರಡೂವರೆ ಕಿಲೋ ಎಂದೇ ಅರ್ಥ. ಒಂದು ಪೊಟ್ಟಣ ತೆಗೆದರೆ ಒಂದು ಮೆಟ್ಟಿಲು ಇಳಿಯುತ್ತದೆ. ಮೊದಲ ಮೆಟ್ಟಿಲೇ ಎಲ್ಲಕ್ಕಿಂತ ದುಬಾರಿಯಾದ್ದರಿಂದ ತಿಂಗಳಿಗೊಂದು ಪುಟ್ಟ ಪಾರ್ಸೆಲ್ ಕಳಿಸುವುದಕ್ಕಿಂತ ಮೂರು ತಿಂಗಳಿಗೊಂದು ಕಳಿಸುವುದು ಲಾಭ. ಹಗುರ ಪ್ಯಾಕೆಟ್ಟುಗಳಿಗೆ ಅಂಚೆಯಲ್ಲಿ ‘ಟ್ರ್ಯಾಕ್ಡ್ ಪ್ಯಾಕೆಟ್’ ಎಂಬ ಪ್ರತ್ಯೇಕ ಸೇವೆಯಿದೆ. ಸ್ಪೀಡ್ ಪೋಸ್ಟಿಗಿಂತ ನಿಧಾನ, ಆದರೆ ಅಗ್ಗ. ಅವಸರವಿಲ್ಲದ ಚಿಕ್ಕ ಸಾಮಾನಿಗೆ ಮೊದಲು ಅದನ್ನೇ ಕೇಳಿ. ಅಂಚೆ ಇಲಾಖೆಯ ಜಾಲತಾಣದಲ್ಲಿ ದರ ಲೆಕ್ಕ ಹಾಕುವ ವ್ಯವಸ್ಥೆ ಇದೆ, ಮೊಬೈಲಿನಲ್ಲೇ ನೋಡಬಹುದು.

ಖಾಸಗಿ ಕೊರಿಯರ್ ಹೇಳುವ ಮೊದಲ ದರವನ್ನು ಕೊನೆಯ ದರವೆಂದು ನಂಬಬೇಡಿ. ಅದರ ಮೇಲೆ ಇಂಧನ ಸರ್‌ಚಾರ್ಜ್, ಜಿಎಸ್‌ಟಿ, ಹಬ್ಬದ ಸೀಜನ್ನಿನ ಹೆಚ್ಚುವರಿ, ಊರು ದೂರವಾದರೆ ಅದಕ್ಕೊಂದು ಹೆಚ್ಚುವರಿ ಬರುತ್ತವೆ. ಹಿರೋಳ್ಳಿಯಂಥ ಊರಿನವರು ಮನೆಗೇ ಬಂದು ಒಯ್ಯಲಿ ಎನ್ನುವುದಕ್ಕಿಂತ, ಹೇಗೂ ಕೆಲಸಕ್ಕೆಂದು ಹೋಗುವ ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ ಕೊಡುವುದು ಲೇಸು. ಎರಡೂ ಕಡೆ ಕೇಳಿ. ಎಲ್ಲ ಸೇರಿಸಿ, ಮನೆ ಮುಟ್ಟುವವರೆಗೆ ಎಷ್ಟು ಎಂದು ಬರೆದು ಕೊಡಲು ಹೇಳಿ.

ಆಚೆ ದಡದ ನಾಕಾ

ಬಾಡಿಗೆ ಕಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಆ ದೇಶದ ಸುಂಕದ ಕಟ್ಟೆ ಬಾಕಿ ಇದೆ. ಬ್ರಿಟನ್ನಿನಲ್ಲಿ 39 ಪೌಂಡ್ ಒಳಗಿನ ಉಡುಗೊರೆಗೆ ಆಮದು ವ್ಯಾಟ್ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಉಡುಗೊರೆಗೆ ಮಿತಿ 45 ಯೂರೊ. ಮೌಲ್ಯ ಈ ಮಿತಿ ದಾಟುವಂತಿದ್ದರೆ ಮಗನ ಕೈಗೆ ಬುತ್ತಿಯ ಬದಲು ತೆರಿಗೆ ಚೀಟಿ ಬಂದೀತು. ಅಮೆರಿಕದ ಕಥೆ ಇನ್ನೂ ಗೋಜಲು. 800 ಡಾಲರ್‌ವರೆಗಿನ ಸರಕಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಕೊನೆಗೊಂಡಿತು. ಅದರ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೋಗುವ ಸರಕುಗಳ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಅಲ್ಲಿನ ಸುಂಕವನ್ನು ಇಲ್ಲಿ ಬುಕ್ ಮಾಡುವಾಗಲೇ ಕಟ್ಟುವ ಪದ್ಧತಿ ಬಂತು. ಸುಂಕದ ದರಗಳು ಬದಲಾಗುವ ವೇಗ ನೋಡಿದರೆ ಕಳೆದ ವರ್ಷ ನೆರೆಮನೆಯವರು ಎಷ್ಟು ಕೊಟ್ಟರೆಂಬುದು ಈ ವರ್ಷ ಪ್ರಮಾಣವಾಗದು. ಬುಕ್ ಮಾಡುವ ದಿನವೇ ಕೇಳಬೇಕು.

ತಿನಿಸಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಐರೋಪ್ಯ ಒಕ್ಕೂಟ ಹೊರಗಿನಿಂದ ಅಂಚೆಯಲ್ಲಿ ಬರುವ ಹಾಲಿನ, ಮಾಂಸದ ಪದಾರ್ಥಗಳನ್ನು ಬಿಡುವುದಿಲ್ಲ. ಪೇಢೆ, ಖೋವಾ, ತುಪ್ಪ ಬೇಡ. ಆಸ್ಟ್ರೇಲಿಯಾ ಕಾಳು, ಬೀಜಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಣ್ಣೆ ಸೋರುವ ಉಪ್ಪಿನಕಾಯಿ ಯಾವ ದೇಶಕ್ಕೂ ಬೇಡ. ಪವರ್ ಬ್ಯಾಂಕನ್ನಂತೂ ಡಬ್ಬಿಯೊಳಗೆ ಹಾಕಲೇಬೇಡಿ. ತಡೆದ ಪಾರ್ಸೆಲ್ ವಾಪಸು ಬಂದರೆ ಅಥವಾ ನಾಶವಾದರೆ ಕಟ್ಟಿದ ಬಾಡಿಗೆ ಹೋದಂತೆಯೇ. ಸರಕಿನ ವಿವರವನ್ನು ಮುಂಚಿತವಾಗಿಯೇ ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸುವುದು 2021ರಿಂದ ವಿಶ್ವ ಅಂಚೆ ಒಕ್ಕೂಟದ ನಿಯಮ. ಆದ್ದರಿಂದ ಚೀಟಿಯ ಮೇಲೆ ಬರೀ ‘ತಿನಿಸು’ ಎನ್ನದೆ ‘ಒಣ ಜೋಳದ ರೊಟ್ಟಿ, 50, ಇಷ್ಟು ರೂಪಾಯಿ’ ಎಂದು ಬಿಡಿಸಿ ಬರೆಯಿಸಿ. ಬೆಲೆ ಕಡಿಮೆ ತೋರಿಸುವ ಜಾಣತನ ಬೇಡ: ಸಿಕ್ಕಿಬಿದ್ದರೆ ದಂಡ, ಕಳೆದುಹೋದರೆ ಪರಿಹಾರವೂ ಆ ಸುಳ್ಳು ಬೆಲೆಗೇ.

ಅತ್ತಲಿಂದ ಇತ್ತ

ಈಗ ವಿದ್ಯಾರ್ಥಿಗಳ ಸರದಿ. ಇದೇ ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಪರದೇಶದ ಅಂಗಡಿಯಿಂದ ಏನಾದರೂ ತರಿಸಬೇಕಾದ ಪ್ರಸಂಗ ಈ ಮಕ್ಕಳಿಗೆ ಹೊಸದಲ್ಲ. ಪರದೆಯ ಮೇಲೆ 3000 ರೂಪಾಯಿ ಎಂದು ಕಾಣುವ ಬಿಡಿಭಾಗ ನಿಜಕ್ಕೂ ಎಷ್ಟಕ್ಕೆ ಬೀಳುತ್ತದೆ?

ವಿಮಾನ ಸಾಗಣೆ 2000 ರೂಪಾಯಿ ಎನ್ನಿ. ನಮ್ಮಲ್ಲಿ ಸುಂಕ ಬೀಳುವುದು ಬರೀ ವಸ್ತುವಿನ ಬೆಲೆಗಲ್ಲ. ಬೆಲೆ, ಸಾಗಣೆ, ವಿಮೆ ಮೂರರ ಮೊತ್ತಕ್ಕೆ. ಆದರೆ 2007ರ ಕಸ್ಟಮ್ಸ್ ಮೌಲ್ಯ ನಿರ್ಣಯ ನಿಯಮಗಳಲ್ಲಿ ಅನೇಕರ ಕಣ್ಣಿಗೆ ಬೀಳದ ಒಂದು ಸಾಲಿದೆ: ವಿಮಾನದಲ್ಲಿ ಬಂದ ಸರಕಾದರೆ ಸಾಗಣೆ ವೆಚ್ಚವನ್ನು ವಸ್ತುವಿನ ಬೆಲೆಯ ಶೇಕಡ 20ಕ್ಕಿಂತ ಹೆಚ್ಚಾಗಿ ಸೇರಿಸುವಂತಿಲ್ಲ. ವಿಮೆ ಎಷ್ಟೆಂದು ಗೊತ್ತಾಗದಿದ್ದರೆ ಬೆಲೆಯ ಶೇಕಡ 1.125. ಹಾಗಾಗಿ ಸುಂಕದ ಬುನಾದಿ 5000 ಅಲ್ಲ. 3000, 600 ಮತ್ತು 34 ಸೇರಿ 3634. ಎಲ್ಲ ಸುಂಕ, ತೆರಿಗೆ ಸೇರಿ ಶೇಕಡ 30 ಎಂದು ಬರೀ ಲೆಕ್ಕಕ್ಕಾಗಿ ಹಿಡಿದರೆ ಸುಮಾರು 1090 ರೂಪಾಯಿ. ಸಾಗಣೆಯನ್ನು ಪೂರ್ತಿ ಸೇರಿಸಿದ್ದರೆ 1500 ಆಗುತ್ತಿತ್ತು. ಕೊರಿಯರಿನವರು ಸುಂಕದ ಬಿಲ್ಲು ಕೊಟ್ಟಾಗ ಈ ಸಾಲನ್ನು ಹುಡುಕಿ ನೋಡಿ. ಒಟ್ಟು 6090. ಮೇಲೆ ಕೊರಿಯರಿನ ಕ್ಲಿಯರೆನ್ಸ್ ಶುಲ್ಕ, ಕಾರ್ಡಿನಲ್ಲಿ ಪರದೇಶಿ ಹಣ ಕೊಟ್ಟದ್ದಕ್ಕೆ ಬ್ಯಾಂಕಿನ ಶುಲ್ಕ. ಮೂರು ಸಾವಿರದ್ದು ಆರು ದಾಟಿತಲ್ಲ!

ನಾಲ್ಕೈದು ಗೆಳೆಯರು ಸೇರಿ ಒಟ್ಟಿಗೆ ತರಿಸಿದರೆ ಬಾಡಿಗೆ ಹಂಚಿಹೋಗುತ್ತದೆ. ಆದರೆ ಒಂದೇ ವಸ್ತು ಹತ್ತಾರು ಬಂದರೆ ಸ್ವಂತ ಬಳಕೆಗೆ ಎಂದರೆ ನಂಬುವುದು ಕಷ್ಟ. ಯಾರ ಹೆಸರಿಗೆ ಬರುತ್ತದೋ ಉತ್ತರ ಕೊಡುವವರೂ ಅವರೇ. ಪುಸ್ತಕಗಳ ಮೇಲೆ 2019ರ ಬಜೆಟ್ಟಿನಲ್ಲಿ ಶೇಕಡ 5 ಆಮದು ಸುಂಕ ಬಂತು, ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪಠ್ಯಪುಸ್ತಕವಾದರೆ ಅಗ್ಗದ ಭಾರತೀಯ ಮುದ್ರಣ ಇದೆಯೇ ಎಂದು ಮೊದಲು ನೋಡಿ, ಬಹಳ ಸಲ ಇರುತ್ತದೆ.

‘ಅಮೆರಿಕದ ಮಾಮಾ ಗಿಫ್ಟ್ ಅಂತ ಬರೆದು ಕಳಿಸಿದರೆ ಸುಂಕ ಇಲ್ಲ’ ಎನ್ನುವವರು ಇನ್ನೂ ಇದ್ದಾರೆ. ಆ ಕಾಲ ಮುಗಿಯಿತು. 2019ರ ಡಿಸೆಂಬರಿನಲ್ಲಿ ಸರ್ಕಾರ ಅಂಚೆ, ಕೊರಿಯರ್ ಮೂಲಕ ‘ಉಡುಗೊರೆ’ ಹೆಸರಿನ ಆಮದನ್ನೇ ನಿಲ್ಲಿಸಿತು. ಬಿಟ್ಟದ್ದು ಜೀವರಕ್ಷಕ ಔಷಧ ಮತ್ತು ರಾಖಿ ಎರಡನ್ನು ಮಾತ್ರ. ಮಾಮಾ ಊರಿಗೆ ಬರುವಾಗ ಸಾಮಾನಿನ ಜತೆ ತರುವುದೇ ಮೇಲು, ಪ್ರಯಾಣಿಕರ ಸಾಮಾನಿಗೆ ಬೇರೆ ನಿಯಮ, ಬೇರೆ ರಿಯಾಯಿತಿ ಇದೆ.

ಪಾಲಕರಿಗೆ ಇನ್ನೊಂದು ಮಾತು. ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ನಂಬರಿಗೆ ದುಡ್ಡು ಹಾಕಿ’ ಎಂದೋ, ‘ಅದರಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆಗೆ ಬನ್ನಿ’ ಎಂದೋ ಫೋನು ಬಂದರೆ ಇಟ್ಟುಬಿಡಿ. ಮಗಳು ಪರದೇಶದಲ್ಲಿರುವ ಮನೆಯನ್ನೇ ಇಂಥವರು ಹುಡುಕುತ್ತಾರೆ. ಅಂಚೆಯಲ್ಲಿ ಬಂದ ವಸ್ತುವಿನ ಸುಂಕವನ್ನು ಅಂಚೆ ಕಚೇರಿಯಲ್ಲೇ ಕಟ್ಟಿ ರಸೀದಿ ಪಡೆಯಬಹುದು. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.